ಏಳಕ್ಕೊಂದು ಶಾಲೆ, ಎಂಟಕ್ಕೊಂದು ಶಾಲೆ

ಜರ್ಮನಿಗೆ ಹೋಗಿ ಬಂದವರನ್ನು ಊರಲ್ಲಿ ಎಲ್ಲರೂ ಕೇಳುವುದು ಒಂದೇ: ಹಿಮ ಬಿದ್ದಿತ್ತಾ, ಕಾರು ಎಷ್ಟು ಸ್ಪೀಡಾಗಿ ಹೋಗುತ್ತೆ, ಊಟಕ್ಕೆ ಏನು ಮಾಡ್ಕೊಂಡ್ರಿ. ತಿ. ನರಸೀಪುರದ ಕಡೆಯ ಈ ನಿವೃತ್ತ ಗಣಿತ ಮೇಷ್ಟ್ರು ಅಷ್ಟಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟು, ಆಮೇಲೆ ತಾವಾಗಿಯೇ ಒಂದು ಸಂಖ್ಯೆಯ ಮಾತು ತೆಗೆಯುತ್ತಾರೆ. 2.33. ಕೇಳುವವರು ಎದ್ದು ಹೊರಡುವುದು ಸಾಮಾನ್ಯವಾಗಿ ಆಗಲೇ. ಮೇಷ್ಟ್ರಿಗೆ ಮಾತ್ರ ಮಳೆಗಾಲ ಕಳೆದು ಗದ್ದೆ ಕೊಯ್ಲಿಗೆ ಬಂದರೂ ಆ ಸಂಖ್ಯೆ ತಲೆಯಿಂದ ಇಳಿದಿಲ್ಲ.

ಮಗಳು, ಅಳಿಯ ಇಬ್ಬರೂ ಮ್ಯೂನಿಕ್‌ನಲ್ಲಿ ಎಂಜಿನಿಯರುಗಳು. ಅವರಿದ್ದ ಬವೇರಿಯಾ ರಾಜ್ಯಕ್ಕೂ ಕರ್ನಾಟಕಕ್ಕೂ 2007ರಿಂದ ಪಾಲುದಾರಿಕೆಯ ಒಪ್ಪಂದವೇ ಇದೆ. ಆ ನಗರದಲ್ಲಿ ಕನ್ನಡ ಮಾತು ಕಿವಿಗೆ ಬೀಳುವುದು ಅಪರೂಪವಲ್ಲ. ಮೊಮ್ಮಗ ನಾಲ್ಕನೇ ಕ್ಲಾಸು. 2025ರ ಏಪ್ರಿಲ್ ಕೊನೆಗೆ, ಕಾವೇರಿ ದಡದ ಮರಳು ಕಾಲಿಡಲಾಗದಷ್ಟು ಕಾದಿದ್ದ ಹೊತ್ತಿನಲ್ಲಿ, ಮೇಷ್ಟ್ರು ವಿಮಾನ ಹತ್ತಿದರು. ಇಳಿದ ಊರಲ್ಲಿ ಬೀದಿಯ ಎರಡೂ ಬದಿ ಚೆಸ್ಟ್‌ನಟ್ ಮರಗಳು ಬಿಳಿ ಹೂಗೊಂಚಲು ಹೊತ್ತು ನಿಂತಿದ್ದವು. ರಾತ್ರಿ ಎಂಟಾದರೂ ಹೊತ್ತು ಮುಳುಗುವ ಲಕ್ಷಣವಿಲ್ಲ. ಮನೆಯೊಳಗೆ ಮಾತ್ರ ಪರೀಕ್ಷೆಯ ಮನೆಯ ವಾತಾವರಣ. ಮಗಳು ಊಟದ ತಟ್ಟೆ ಮುಂದಿಟ್ಟುಕೊಂಡೇ ಹೇಳಿದಳು: "ಅಪ್ಪ, ಮುಂದಿನ ವಾರ ಇವನ ಅಂಕಪಟ್ಟಿ ಬರತ್ತೆ. ಅದರ ಮೇಲೆ ಎಲ್ಲಾ ನಿಂತಿದೆ."

ನಾಲ್ಕನೇ ಕ್ಲಾಸಿನ ಅಂಕಪಟ್ಟಿಯ ಮೇಲೆ ಎಲ್ಲಾ ನಿಲ್ಲುವುದೆಂದರೇನು ಎಂಬುದು ಮೇಷ್ಟ್ರಿಗೆ ಅಂದು ಅರ್ಥವಾಗಲಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ದಡ ಮುಟ್ಟಿಸುವುದರಲ್ಲೇ ಜೀವಮಾನ ಸವೆಸಿದವರು ಅವರು. ಹತ್ತು ವರ್ಷದ ಹುಡುಗ ಗುಣಾಕಾರದಲ್ಲಿ ತಪ್ಪಿದರೆ ಕಿವಿ ಹಿಂಡಿ ಮುಂದಕ್ಕೆ ಕಳಿಸುವುದಷ್ಟೇ ಅವರ ಲೆಕ್ಕ.

ಮರುದಿನ ಬೆಳಗ್ಗೆ ಮೊಮ್ಮಗನ ಜೊತೆ ಶಾಲೆಯ ದಾರಿ ಹಿಡಿದರು. ಎಂಟಕ್ಕೆ ಶಾಲೆ. ರಸ್ತೆ ತುಂಬ ಮಕ್ಕಳು, ಹೆತ್ತವರು ಕಡಿಮೆ. ದೊಡ್ಡ ಅಡ್ಡರಸ್ತೆಯಲ್ಲಿ ಹಳದಿ ಕೋಟು ತೊಟ್ಟ ಅಜ್ಜಿಯೊಬ್ಬರು ಕೈಯಲ್ಲಿ ಗುಂಡನೆಯ ಫಲಕ ಹಿಡಿದು ಕಾರುಗಳನ್ನು ನಿಲ್ಲಿಸಿ ಮಕ್ಕಳನ್ನು ದಾಟಿಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದಂತೆ ಹುಡುಗ ಕೈ ಬಿಡಿಸಿಕೊಂಡ. "ತಾತ, ನೀವು ಇಲ್ಲೇ ನಿಂತ್ಕೊಳ್ಳಿ. ನಾಲ್ಕನೇ ಕ್ಲಾಸಿನವರು ತಾತನ ಜೊತೆ ಬರಲ್ಲ." ಬೆನ್ನಿಗೆ ಪೆಟ್ಟಿಗೆಯ ಹಾಗೆ ಗಟ್ಟಿಯಾದ ಬ್ಯಾಗು, ಮೈಮೇಲೆ ಮನಸ್ಸಿಗೆ ಬಂದ ಬಣ್ಣದ ಅಂಗಿ. ಸಮವಸ್ತ್ರವಿಲ್ಲ, ಟೈ ಇಲ್ಲ, ಗೇಟಿನಲ್ಲಿ ಶಾಲಾ ವಾಹನಗಳ ಸಾಲಿಲ್ಲ.

ಮಧ್ಯಾಹ್ನ ಹುಡುಗ ಬ್ಯಾಗು ಬಿಚ್ಚಿದಾಗ ಮೇಷ್ಟ್ರ ಕಣ್ಣು ನೆಟ್ಟಿದ್ದು ಶಾಯಿ ಪೆನ್ನಿನ ಮೇಲೆ. ಚಿಕ್ಕ ಕೈಗೆ ಹೊಂದುವ ದಪ್ಪ ಹಿಡಿಕೆ, ನಿಬ್ಬಿನ ತುದಿ ಒಂದಿಷ್ಟು ಸವೆದಿದೆ, ಬಲಗೈ ನಡುಬೆರಳಿನ ಪಕ್ಕ ನೀಲಿ ಕಲೆ. ಜೊತೆಗೆ ಎರಡು ತುದಿಯ ಇನ್ನೊಂದು ಪೆನ್ನು: ಒಂದು ತುದಿ ಶಾಯಿಯನ್ನು ಅಳಿಸುತ್ತದೆ, ಇನ್ನೊಂದು ತುದಿಯಿಂದ ಅಳಿಸಿದ ಜಾಗದಲ್ಲಿ ಮತ್ತೆ ಬರೆಯಬೇಕು. ಮೇಷ್ಟ್ರು ಹಳೆಯ ನೋಟ್‌ಬುಕ್ಕಿನ ಮೇಲೆ ತಮ್ಮ ಹೆಸರು ಬರೆದು ಅಳಿಸಿದರು, ಮತ್ತೆ ಬರೆದರು. ಅಳಿಸುವ ತುದಿ ಒಂದೇ ಸಲಕ್ಕೆ ಎಂದು ಮೊಮ್ಮಗ ವಿವರಿಸಿದ. ಎರಡನೇ ಸಲ ಬರೆದದ್ದು ಹೋಗುವುದಿಲ್ಲವಂತೆ.

ಆ ವಾರವೇ ಶಾಲೆಗೆ ಪೊಲೀಸರು ಬಂದರು. ಮೇಷ್ಟ್ರು ಗಾಬರಿಯಾದರೆ ಮಗಳು ನಕ್ಕಳು. ನಾಲ್ಕನೇ ಕ್ಲಾಸಿನ ಮಕ್ಕಳಿಗೆಲ್ಲ ಸೈಕಲ್ ಪರೀಕ್ಷೆ ಇರುತ್ತದೆ. ಸಂಚಾರ ಪೊಲೀಸರೇ ಬಂದು ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡುವುದು, ತಿರುಗುವ ಮುಂಚೆ ಭುಜದ ಮೇಲಿಂದ ಹಿಂದೆ ನೋಡುವುದು, ಕೈ ಚಾಚಿ ಸನ್ನೆ ಮಾಡುವುದು ಕಲಿಸಿ, ಕೊನೆಗೆ ಪರೀಕ್ಷೆ ಮಾಡಿ ಪಾಸಾದವರಿಗೆ ಪತ್ರ ಕೊಡುತ್ತಾರೆ. ಹುಡುಗ ಪಾಸಾಗಿ ಬಂದ. ಆ ಪರೀಕ್ಷೆಗೆ ಮನೆಯಲ್ಲಿ ಯಾರೂ ಹೆದರಿರಲಿಲ್ಲ.

ಶಾಲೆಯನ್ನು ಹೇಗೆ ಆರಿಸಿದಿರಿ ಎಂದು ಮೇಷ್ಟ್ರು ಕೇಳಿದ್ದಕ್ಕೆ ಅಳಿಯನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಆರಿಸುವುದೇನು ಬಂತು? ಮನೆಯ ವಿಳಾಸ ಯಾವ ಸರ್ಕಾರಿ ಪ್ರಾಥಮಿಕ ಶಾಲೆಯ ವ್ಯಾಪ್ತಿಗೆ ಬರುತ್ತದೋ ಆ ಶಾಲೆಗೆ ಮಗು ಹೋಗಬೇಕು. ಮೊಮ್ಮಗನ ಬೆಂಚಿನಲ್ಲಿ ಕೂರುವ ಹುಡುಗನ ಅಪ್ಪ ಬಸ್ ಚಾಲಕ. ಹಿಂದಿನ ಬೆಂಚಿನ ಹುಡುಗಿಯ ಅಮ್ಮ ಹೃದಯ ತಜ್ಞೆ. ಜರ್ಮನಿಯ ಸಂವಿಧಾನದ 7ನೇ ವಿಧಿ ಖಾಸಗಿ ಶಾಲೆಗಳಿಗೆ ಅವಕಾಶ ಕೊಟ್ಟಿದೆ, ಆದರೆ ಹೆತ್ತವರ ಆಸ್ತಿ-ಅಂತಸ್ತು ನೋಡಿ ಮಕ್ಕಳನ್ನು ಬೇರ್ಪಡಿಸುವುದಕ್ಕೆ ಅವು ಇಂಬು ಕೊಡಬಾರದೆಂಬ ಷರತ್ತನ್ನೂ ಹಾಕಿದೆ. ಖಾಸಗಿ ಪ್ರಾಥಮಿಕ ಶಾಲೆಗಳಿಗಂತೂ ಕಟ್ಟುಪಾಡು ಇನ್ನೂ ಬಿಗಿ.

ಮೇಷ್ಟ್ರಿಗೆ ತಮ್ಮೂರಿನ ಬೆಳಗಿನ ಎಂಟು ಗಂಟೆ ನೆನಪಾಯಿತು. ಒಂದೇ ಬೀದಿಯ ಮಕ್ಕಳು ಮೂರು ಬಣ್ಣದ ಸಮವಸ್ತ್ರದಲ್ಲಿ ಮೂರು ದಿಕ್ಕಿಗೆ ಹೋಗುತ್ತಾರೆ. ಮೈಸೂರಿನ ಶಾಲೆಗೆ ಹೋಗುವ ಹಳದಿ ಬಸ್ಸು ಮೊದಲು, ಪಟ್ಟಣದ ಕಾನ್ವೆಂಟಿನ ವ್ಯಾನು ಆಮೇಲೆ. ಉಳಿದ ನಾಲ್ಕಾರು ಮಕ್ಕಳು ನಡೆದುಕೊಂಡು ಸರ್ಕಾರಿ ಶಾಲೆಗೆ. ಶಿಕ್ಷಣ ಹಕ್ಕು ಕಾಯ್ದೆ ಬಂದಾಗ ಖಾಸಗಿ ಶಾಲೆಯಲ್ಲಿ ನೂರಕ್ಕೆ 25 ಸೀಟು ಬಡವರ ಮಕ್ಕಳಿಗೆ ಎಂದಿತ್ತು. 2019ರ ಹೊತ್ತಿಗೆ ಕರ್ನಾಟಕ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದಿತು. ಒಂದು ಬೀದಿಯ ಮಕ್ಕಳು ಒಂದು ಬೆಂಚಿನಲ್ಲಿ ಕೂರುವ ಒಂದು ಸಣ್ಣ ಕಿಟಕಿಯೂ ಅಲ್ಲಿಗೆ ಬಹುಪಾಲು ಮುಚ್ಚಿತು.

ಹೀಗೆ ಆ ದೇಶದ ಬಗ್ಗೆ ಮೇಷ್ಟ್ರ ಮನಸ್ಸು ಮೃದುವಾಗುತ್ತಿದ್ದ ಹೊತ್ತಿಗೆ ಮೇ ತಿಂಗಳು ಬಂತು.

ಮೇ 1ಕ್ಕೆ ಬವೇರಿಯಾದ ಹಳ್ಳಿಗಳಲ್ಲಿ ಕಂಬ ನಿಲ್ಲಿಸುವ ಹಬ್ಬ. ಅಳಿಯ ಎಲ್ಲರನ್ನೂ ಮ್ಯೂನಿಕ್‌ನ ಹೊರಗಿನ ಒಂದು ಹಳ್ಳಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಸಾಸಿವೆ ಹೊಲದಂಥ ಹಳದಿ ರೇಪ್‌ಸೀಡ್ ಹೊಲಗಳು, ದೂರದಲ್ಲಿ ಬೆಟ್ಟಗಳ ಬಿಳಿ ಗೆರೆ. ಚರ್ಚಿನ ಮುಂದಿನ ಬಯಲಲ್ಲಿ ನೀಲಿ-ಬಿಳಿ ಬಣ್ಣ ಬಳಿದ, ಆಕಾಶ ಮುಟ್ಟುವ ಮರದ ಕಂಬ ಮಲಗಿತ್ತು. ಕ್ರೇನ್ ಇಲ್ಲ. ಊರಿನ ಗಂಡಸರು ಜೋಡಿ ಜೋಡಿ ಗಳುಗಳನ್ನು ಕೊಟ್ಟು, ಒಬ್ಬ ಕೂಗಿದಂತೆ ಒಂದೊಂದೇ ಗೇಣು ಎತ್ತುತ್ತಾರೆ, ನಡುವೆ ನಿಲ್ಲಿಸಿ ಬಿಯರ್ ಕುಡಿಯುತ್ತಾರೆ, ವಾದ್ಯದವರು ಬಾರಿಸುತ್ತಾರೆ, ಮತ್ತೆ ಎತ್ತುತ್ತಾರೆ. ತೇರು ಎಳೆಯುವಾಗ ಹಗ್ಗಕ್ಕೆ ಕೈ ಹಚ್ಚಿದವರ ಮುಖದಲ್ಲಿ ಇರುವ ಕಳೆಯೇ ಅಲ್ಲಿಯೂ ಇತ್ತು.

ಕಂಬ ನೆಟ್ಟಗಾದ ಮೇಲೆ ಅದರ ಎರಡೂ ಬದಿ ಸಾಲಾಗಿ ಕೂರಿಸಿದ್ದ ಫಲಕಗಳು ಕಂಡವು. ಒಂದರಲ್ಲಿ ಬ್ರೆಡ್ಡು ಮಾಡುವವನ ಗುರುತು, ಇನ್ನೊಂದರಲ್ಲಿ ಕಮ್ಮಾರನ ಸುತ್ತಿಗೆ, ಬಡಗಿಯ ಉಳಿ-ಕೊಡಲಿ, ಚಿಮಣಿ ಗುಡಿಸುವವನ ಏಣಿ. ಊರಲ್ಲಿರುವ ಕಸುಬುಗಳನ್ನೆಲ್ಲ ಊರ ನಡುವಿನ ಕಂಬಕ್ಕೆ ಏರಿಸಿದ್ದಾರೆ. ಉಪ್ಪು ಕಾಳು ಉದುರಿಸಿದ ದೊಡ್ಡ ಬ್ರೆಟ್ಸೆಲ್ ಮುರಿದು, ಈರುಳ್ಳಿ ಹಾಕಿ ಕಲಸಿದ ಖಾರ ಗಿಣ್ಣಿನ ಜೊತೆ ತಿನ್ನುತ್ತ ಮೇಷ್ಟ್ರು ಆ ಫಲಕಗಳನ್ನು ಮೇಲಿನವರೆಗೂ ನೋಡಿದರು. ಎಂಜಿನಿಯರನ ಫಲಕ ಎಲ್ಲೂ ಇರಲಿಲ್ಲ ಎಂದು ಅಳಿಯನನ್ನು ಛೇಡಿಸಿದರು.

ಮರುದಿನ ಅಂಕಪಟ್ಟಿ ಬಂತು.

ಬವೇರಿಯಾದಲ್ಲಿ ಅಂಕ ಒಂದರಿಂದ ಆರರವರೆಗೆ. ಒಂದು ಅತ್ಯುತ್ತಮ, ಆರು ತೀರಾ ಕಳಪೆ. ನಾಲ್ಕನೇ ಕ್ಲಾಸಿನಲ್ಲಿ ಮೂರೇ ವಿಷಯಗಳ ಲೆಕ್ಕ: ಜರ್ಮನ್, ಗಣಿತ, ಮತ್ತು ನಮ್ಮ ಪರಿಸರ ಅಧ್ಯಯನದಂಥ ಇನ್ನೊಂದು ಪಾಠ. ಮೂರರ ಸರಾಸರಿ 2.33ರ ಒಳಗಿದ್ದರೆ ಮಗು ಗಿಮ್ನಾಸಿಯುಂಗೆ ಹೋಗಬಹುದು. ಅದು ಅಬಿಟೂರ್ ಪರೀಕ್ಷೆಯವರೆಗೆ ಓದಿಸಿ ವಿಶ್ವವಿದ್ಯಾಲಯದ ಬಾಗಿಲಿಗೆ ತಂದು ನಿಲ್ಲಿಸುವ ಶಾಲೆ. 2.66 ಆದರೆ ಹತ್ತನೇ ತರಗತಿಗೆ ಮುಗಿಯುವ ರಿಯಾಲ್‌ಶೂಲೆ. ಅದಕ್ಕೂ ಮೇಲಾದರೆ ಮಿಟ್ಟೆಲ್‌ಶೂಲೆ. ಅಲ್ಲಿ ಓದಿದವರು ಹೆಚ್ಚಾಗಿ ಹೊರಡುವುದು ಕೆಲಸ ಕಲಿಯಲು. ಐದನೇ ತರಗತಿಯಿಂದ ಮಕ್ಕಳು ಬೇರೆ ಬೇರೆ ಕಟ್ಟಡಗಳಿಗೆ, ಬೇರೆ ಬೇರೆ ಪಠ್ಯಕ್ಕೆ ಹೋಗುತ್ತಾರೆ.

ಮೇಷ್ಟ್ರು ಕಾಗದ ತೆಗೆದುಕೊಂಡರು. ಮೂರು ವಿಷಯ, ಎಲ್ಲವೂ ಪೂರ್ಣಾಂಕ. ಹಾಗಾದರೆ 2.33 ಅಂದರೆ ಏಳು ಭಾಗಿಸು ಮೂರು. 2.66 ಅಂದರೆ ಎಂಟು ಭಾಗಿಸು ಮೂರು. ದಶಮಾಂಶದ ವೇಷ ಕಳಚಿದರೆ ಉಳಿಯುವುದು ಇಷ್ಟೇ: ಮೂರೂ ಅಂಕ ಕೂಡಿ ಏಳು ಬಂದರೆ ಒಂದು ಶಾಲೆ, ಎಂಟು ಬಂದರೆ ಇನ್ನೊಂದು, ಒಂಬತ್ತಕ್ಕೆ ಮತ್ತೊಂದು. ಮೊಮ್ಮಗನಿಗೆ ಗಣಿತದಲ್ಲಿ ಎರಡು, ಉಳಿದೆರಡರಲ್ಲಿ ಮೂರು ಮೂರು. ಎಂಟು.

ಮಗಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹುಡುಗ ಸೈಕಲ್ ತೆಗೆದುಕೊಂಡು ಹೊರಟ.

ಸಂಜೆಯ ಮಾತೆಲ್ಲ ಮುಂದೇನು ಎಂಬುದರ ಸುತ್ತ. ಗಿಮ್ನಾಸಿಯುಂಗೇ ಕಳಿಸಬೇಕೆಂದಿದ್ದರೆ ಒಂದು ದಾರಿ ಇದೆ: ಆ ಶಾಲೆಗೇ ಮೂರು ದಿನ ಹೋಗಿ ಕೂತು, ಜರ್ಮನ್ ಮತ್ತು ಗಣಿತದಲ್ಲಿ ಪ್ರಾಯೋಗಿಕ ಪಾಠ-ಪರೀಕ್ಷೆಗೆ ಒಳಗಾಗಬೇಕು. ಗಣಿತಕ್ಕೆ ತಾನಿದ್ದೇನೆ ಎಂದು ಮೇಷ್ಟ್ರು ಆಗಲೇ ತೋಳು ಮಡಚಿದ್ದರು. "ಅಪ್ಪ, ಅವನಿಗೆ ಮನೇಲಿ ಕನ್ನಡ, ಬೀದೀಲಿ ಜರ್ಮನ್. ಇಲ್ಲಿನ ಮಕ್ಕಳ ಅಜ್ಜಿಯರು ಕಥೆ ಹೇಳೋದೂ ಜರ್ಮನ್‌ನಲ್ಲೇ. ಆ ಮೂರು ಅಂಕ ಬಂದಿರೋದು ಅವನ ಬುದ್ಧಿಗಾ, ನಮ್ಮ ಮನೆಗಾ?" ಎಂದು ಮಗಳು ಕೇಳಿದಳು. ಆ ಪ್ರಶ್ನೆಗೆ ಮೇಷ್ಟ್ರ ಹತ್ತಿರ ಲೆಕ್ಕವಿರಲಿಲ್ಲ.

ಉತ್ತರದ ಒಂದಿಷ್ಟು ಭಾಗ ಸಿಕ್ಕಿದ್ದು ಕೆಳಮನೆಯ ನಿವೃತ್ತ ಶಿಕ್ಷಕಿಯ ಊಟದ ಮೇಜಿನಲ್ಲಿ. ಮೇ ತಿಂಗಳು ಅಲ್ಲಿ ಬಿಳಿ ಆಸ್ಪರಾಗಸ್‌ನ ಕಾಲ. ಜೂನ್ 24ಕ್ಕೆ ಕೀಳುವುದನ್ನು ನಿಲ್ಲಿಸುತ್ತಾರೆ. ಅಲ್ಲಿಯವರೆಗೆ ಮನೆಮನೆಯಲ್ಲೂ ಅದೇ. ಬೆರಳು ಗಾತ್ರದ ಬೆಳ್ಳನೆಯ ದಂಟು, ಕರಗಿಸಿದ ಬೆಣ್ಣೆ, ಬೇಯಿಸಿದ ಎಳೆ ಆಲೂಗಡ್ಡೆ. ಖಾರದ ಸುಳಿವಿಲ್ಲದ ಆ ಊಟವನ್ನು ಮೇಷ್ಟ್ರು ಮೊದಲ ಸಲ ಮರ್ಯಾದೆಗಾಗಿ ಉಂಡರು, ಎರಡನೇ ಸಲ ಬಡಿಸಿದಾಗ ಇಷ್ಟಪಟ್ಟು ಉಂಡರು. ಮಗಳು ನಡುವೆ ಕೂತು ಮಾತು ದಾಟಿಸಿದಳು.

ಆಕೆ ಹೇಳಿದ ಚರಿತ್ರೆ ಮೇಷ್ಟ್ರಿಗೆ ಹೊಸದು. ನಾಲ್ಕು ವರ್ಷ ಎಲ್ಲ ಮಕ್ಕಳೂ ಒಟ್ಟಿಗೆ ಕೂರುವುದು ಈಗ ಕಡಿಮೆ ಅನ್ನಿಸಬಹುದು. ಅದು ಸಿಕ್ಕಿದ್ದೇ 1920ರ ಕಾನೂನಿನಿಂದ. ಅದಕ್ಕೆ ಮೊದಲು ಉಳ್ಳವರ ಮಕ್ಕಳು ಶುಲ್ಕ ಕಟ್ಟಿ ಬೇರೆಯದೇ ಪೂರ್ವಶಾಲೆಯಲ್ಲಿ ಕಲಿತು ಸೀದಾ ಗಿಮ್ನಾಸಿಯುಂಗೆ ಹೋಗುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಅಮೆರಿಕದವರು, ಹತ್ತನೇ ವಯಸ್ಸಿಗೆ ಮಕ್ಕಳನ್ನು ಮೇಲು-ಕೆಳಗು ಮಾಡುವ ಈ ಪದ್ಧತಿ ಬಿಡಿ ಎಂದು ಒತ್ತಾಯಿಸಿದರು. ಬವೇರಿಯಾದ ಆಗಿನ ಶಿಕ್ಷಣ ಮಂತ್ರಿ ಅಲೋಯಿಸ್ ಹುಂಡ್‌ಹಾಮರ್ ಜಗ್ಗಲಿಲ್ಲ. 2010ರಲ್ಲಿ ಹ್ಯಾಂಬರ್ಗ್‌ನ ಸರ್ಕಾರ ಪ್ರಾಥಮಿಕ ಶಾಲೆಯನ್ನು ಆರು ವರ್ಷಕ್ಕೆ ಏರಿಸಹೊರಟಾಗ ಜನಮತ ಸಂಗ್ರಹವಾಗಿ ಅದು ಬಿದ್ದುಹೋಯಿತು. ಅಂದು ಸ್ಥಿತಿವಂತರ ಬಡಾವಣೆಗಳಲ್ಲಿ ಮತ ಹಾಕಿದವರು ಹೆಚ್ಚು, ಬಡವರ ಬಡಾವಣೆಗಳಲ್ಲಿ ಕಡಿಮೆ. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ಮಾತ್ರ ಆರು ವರ್ಷದ ಪ್ರಾಥಮಿಕ ಶಾಲೆ ಇದೆ.

"ಹಾಗಾದರೆ ಬರ್ಲಿನ್‌ಗೆ ಹೋದರೆ ಇವನಿಗೆ ಇನ್ನೂ ಎರಡು ವರ್ಷ ಸಿಗುತ್ತೆ!" ಎಂದು ಮೇಷ್ಟ್ರು ಉದ್ಗರಿಸಿದರು. ತಮಾಷೆಯೇನೂ ಅಲ್ಲ, ನಿಜವೇ. ಜರ್ಮನಿಯಲ್ಲಿ ಶಾಲೆ ಎಂಬುದು 16 ರಾಜ್ಯಗಳ ಸ್ವಂತ ವಿಷಯ. ಪಠ್ಯ, ಶಾಲೆಯ ವಿಧ, ಮುಂದಿನ ಶಾಲೆಯ ನಿಯಮ, ರಜೆ ಎಲ್ಲವೂ ಬೇರೆ ಬೇರೆ. ಪಕ್ಕದ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2012ರಲ್ಲಿ ನಿರ್ಧಾರವನ್ನು ಹೆತ್ತವರ ಕೈಗೇ ಕೊಟ್ಟು, ಈಚೆಗೆ ಮತ್ತೆ ಬಿಗಿ ಮಾಡಿಕೊಂಡಿದೆ. ಬವೇರಿಯಾ ಗಿಮ್ನಾಸಿಯುಂ ಓದನ್ನು ಒಂಬತ್ತು ವರ್ಷದಿಂದ ಎಂಟಕ್ಕೆ ಇಳಿಸಿ ಮತ್ತೆ ಒಂಬತ್ತಕ್ಕೆ ತಂದದ್ದರಿಂದ, ಮೇಷ್ಟ್ರು ಹೋಗಿದ್ದ 2025ರಲ್ಲಿ ಅಲ್ಲಿನ ಬಹುತೇಕ ಗಿಮ್ನಾಸಿಯುಂಗಳಲ್ಲಿ ಅಬಿಟೂರ್ ಬರೆಯುವ ತರಗತಿಯೇ ಇರಲಿಲ್ಲ. ಈ 16 ರಾಜ್ಯಗಳ ಶಿಕ್ಷಣ ಮಂತ್ರಿಗಳು ಕೂತು ಮಾತಾಡಿಕೊಳ್ಳುವ ಸಮ್ಮೇಳನ 1948ರದು. ಪಶ್ಚಿಮ ಜರ್ಮನಿ ಎಂಬ ದೇಶಕ್ಕಿಂತ ಒಂದು ವರ್ಷ ಹಿರಿದು. ನಮ್ಮಲ್ಲಿ ರಾಜ್ಯಗಳ ಪಟ್ಟಿಯಲ್ಲಿದ್ದ ಶಿಕ್ಷಣ 1976ರ 42ನೇ ತಿದ್ದುಪಡಿಯಲ್ಲಿ ಸಮವರ್ತಿ ಪಟ್ಟಿಗೆ ಹೋಯಿತು. ಅಲ್ಲಿ ಹಾಗೆ ಮಾಡಲು ಹೊರಟವರು ಉಳಿಯುವುದು ಕಷ್ಟ ಎಂದು ಶಿಕ್ಷಕಿ ನಕ್ಕರು.

2001ರ ಡಿಸೆಂಬರ್‌ನ ಮಾತು ಬಂದಾಗ ಆಕೆಯ ನಗು ನಿಂತಿತು. ದೇಶದೇಶಗಳ ಹದಿನೈದು ವರ್ಷದ ಮಕ್ಕಳ ಕಲಿಕೆಯನ್ನು ಅಳೆಯುವ ಪಿಸಾ ಪರೀಕ್ಷೆಯ ಮೊದಲ ಫಲಿತಾಂಶ ಬಂದದ್ದು ಆಗ. ತಮ್ಮ ಶಾಲೆಗಳ ಬಗ್ಗೆ ಹೆಮ್ಮೆಪಟ್ಟುಕೊಂಡಿದ್ದ ಜರ್ಮನಿ ಸರಾಸರಿಗಿಂತ ಕೆಳಗಿತ್ತು. ಅಂಕಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು ಸಂಗತಿ: ಮಗುವಿನ ಕಲಿಕೆಗೂ ಹೆತ್ತವರ ಅಂತಸ್ತಿಗೂ ಇರುವ ನಂಟು ಅಲ್ಲಿ ಇದ್ದಷ್ಟು ಬಲವಾಗಿ ಬೇರೆಡೆ ಇದ್ದದ್ದು ವಿರಳ. ಆಮೇಲೆ ದೇಶಕ್ಕೆಲ್ಲ ಒಂದೇ ಕಲಿಕಾ ಮಟ್ಟಗಳನ್ನು ಬರೆದರು, ಮಧ್ಯಾಹ್ನಕ್ಕೇ ಮುಗಿಯುತ್ತಿದ್ದ ಶಾಲೆಗಳನ್ನು ಸಂಜೆಯವರೆಗೆ ನಡೆಸಲು ಹಣ ಸುರಿದರು. ಕೆಲಕಾಲ ಅಂಕ ಏರಿತು. 2022ರ ಪರೀಕ್ಷೆಯಲ್ಲಿ ಮತ್ತೆ ಇಳಿದು, ಗಣಿತದಲ್ಲಿ 475ಕ್ಕೆ ಬಂದು ನಿಂತಿತು. ಅಲ್ಲಿಯವರೆಗಿನ ಅತ್ಯಂತ ಕಡಿಮೆ. ಭಾರತ ಎಷ್ಟು ಎಂದು ಆಕೆ ಕೇಳಿದರು. ತಮಿಳುನಾಡು, ಹಿಮಾಚಲ ಪ್ರದೇಶದ ಮಕ್ಕಳು 2009ರ ಸುತ್ತಿನ ಪರೀಕ್ಷೆ ಬರೆದು ಪಟ್ಟಿಯ ತಳದಲ್ಲಿ ನಿಂತ ಮೇಲೆ ನಾವು ಬರೆಯುವುದನ್ನೇ ಬಿಟ್ಟೆವು ಎಂದು ಮೇಷ್ಟ್ರು ಹೇಳಬೇಕಾಯಿತು.

ತರಗತಿಯಲ್ಲಿ ಟರ್ಕಿಯಿಂದ ಬಂದ ಕಾರ್ಮಿಕರ ಮಕ್ಕಳಿಗೆ ಗಿಮ್ನಾಸಿಯುಂಗೆ ಶಿಫಾರಸು ಬರೆಯುವಾಗ ಕೈ ತಡೆಯುತ್ತಿತ್ತೇ ಎಂದು ಮೇಷ್ಟ್ರು ಕೇಳಿದಾಗ ಆಕೆ ಸುತ್ತಿಬಳಸಿ ಉತ್ತರಿಸಲಿಲ್ಲ. "ಮನೆಯಲ್ಲಿ ಸಹಾಯ ಮಾಡುವವರು ಇದ್ದಾರೆಯೇ ಎಂದು ಯೋಚಿಸುತ್ತಿದ್ದೆವು. ಮಗುವಿನ ಒಳ್ಳೆಯದಕ್ಕೇ ಎಂದುಕೊಳ್ಳುತ್ತಿದ್ದೆವು." ಮೇಷ್ಟ್ರು ತಲೆಯಾಡಿಸಿದರು. ಈ ಮಾತನ್ನು ಶಿಕ್ಷಕರ ಕೋಣೆಯಲ್ಲಿ, ಅಪ್ಪಟ ಕನ್ನಡದಲ್ಲಿ, ಅವರು ಬೇಕಾದಷ್ಟು ಸಲ ಕೇಳಿದ್ದರು.

ಶನಿವಾರ ರೈಲು ಹಿಡಿದು ಮಿಟ್ಟೆನ್‌ವಾಲ್ಡ್‌ಗೆ ಹೋದರು. ಮ್ಯೂನಿಕ್‌ನಿಂದ ದಕ್ಷಿಣಕ್ಕೆ, ಬೆಟ್ಟಗಳು ಎರಡೂ ಕಡೆಯಿಂದ ಒತ್ತಿಕೊಂಡು ಬಂದು ಇನ್ನೇನು ದಾರಿ ಇಲ್ಲ ಅನ್ನುವಲ್ಲಿ ಆ ಊರು. ಮನೆಗಳ ಗೋಡೆಯ ಮೇಲೆಲ್ಲ ಬಣ್ಣದ ಚಿತ್ರಗಳು, ನೆತ್ತಿಯ ಮೇಲೆ ಕಾರ್ವೆಂಡೆಲ್ ಶ್ರೇಣಿಯ ಬರಿ ಬಂಡೆ. ಚರ್ಚಿನ ಪಕ್ಕ ಮತ್ತಿಯಾಸ್ ಕ್ಲೋಟ್ಸ್ ಎಂಬಾತನ ಕಂಚಿನ ಪ್ರತಿಮೆ. 1653ರಲ್ಲಿ ಹುಟ್ಟಿದ ಈತ ಈ ಊರಿಗೆ ಪಿಟೀಲು ಮಾಡುವ ಕಸುಬು ತಂದ. 1858ರಿಂದ ಇಲ್ಲಿ ಪಿಟೀಲು ಮಾಡುವುದನ್ನು ಕಲಿಸುವ ಶಾಲೆ ಇದೆ, ಈಗ ಸರ್ಕಾರದ್ದೇ. ಎದುರುಹಲಗೆಗೆ ಬೆಟ್ಟದ ಸ್ಪ್ರೂಸ್ ಮರ, ಬೆನ್ನಿಗೆ ಮೇಪಲ್. ಸಂಗ್ರಹಾಲಯದಲ್ಲಿ ಇನ್ನೂ ಬಣ್ಣ ಕಾಣದ ಬಿಳಿ ಪಿಟೀಲೊಂದನ್ನು ಇಟ್ಟಿದ್ದರು. ಉಳಿಯ ಗೀರುಗಳು ಒಂದೊಂದೂ ಕಾಣುತ್ತಿದ್ದವು, ಸುರುಳಿಯ ಒಂದು ಪಕ್ಕ ಕಡೆದು ಮುಗಿದಿತ್ತು, ಇನ್ನೊಂದು ಪಕ್ಕ ಪೆನ್ಸಿಲ್ ಗುರುತಿನಲ್ಲೇ ಉಳಿದಿತ್ತು.

ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರ ಊರು ತಿರುಮಕೂಡಲು, ಮೇಷ್ಟ್ರ ಮನೆಯಿಂದ ಕೂಗಳತೆ. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದೇವೆ. ನುಡಿಸುವವರನ್ನು ನಾವು ಹೊತ್ತು ಮೆರೆಸುತ್ತೇವೆ. ಮಾಡುವವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಕಸುಬು ಕಲಿಸಲೆಂದೇ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಕಟ್ಟಿದ್ದನ್ನು ಮೇಷ್ಟ್ರು ಮಗಳಿಗೆ ನೆನಪಿಸಿದರು.

ಊರ ನಡುವಿನ ಕಾರಂಜಿಯ ಕಟ್ಟೆಯ ಮೇಲೆ ವಿಚಿತ್ರ ವೇಷದ ತರುಣನೊಬ್ಬ ಕೂತು ಬ್ರೆಡ್ಡು ತಿನ್ನುತ್ತಿದ್ದ. ಕಪ್ಪು ಕಾರ್ಡುರಾಯ್ ಕೋಟು, ಪಾದದ ಹತ್ತಿರ ಅಗಲವಾಗುವ ಪ್ಯಾಂಟು, ಅಗಲ ಅಂಚಿನ ಹ್ಯಾಟು, ಪಕ್ಕದಲ್ಲಿ ತಿರುಚಿದ ಕೋಲು, ಬಟ್ಟೆಯ ಗಂಟು. ನಾಟಕದವನೆಂದು ಮೇಷ್ಟ್ರು ಭಾವಿಸಿದ್ದರು. ಬಡಗಿಯಂತೆ. ಕೆಲಸ ಕಲಿತು ಪರೀಕ್ಷೆ ಪಾಸಾದ ಮೇಲೆ ಮೂರು ವರ್ಷ ಒಂದು ದಿನ ಊರೂರು ಅಲೆದು ಕೆಲಸ ಮಾಡುವ ಹಳೆಯ ಸಂಪ್ರದಾಯಕ್ಕೆ ಹೊರಟವನು. ಅಷ್ಟು ಕಾಲ ಸ್ವಂತ ಊರಿನ 50 ಕಿಲೋಮೀಟರ್ ಒಳಗೆ ಕಾಲಿಡುವಂತಿಲ್ಲ. ಕೈಯಲ್ಲಿ ಮೊಬೈಲು ಇರಬಾರದು. ವಯಸ್ಸು ಮೂವತ್ತರ ಒಳಗೆ, ಮದುವೆ ಆಗಿರಬಾರದು, ಮಕ್ಕಳಿರಬಾರದು, ಸಾಲ ಇರಬಾರದು.

"ಸಾಲ ಇರಬಾರದು ಅಂದ್ರೆ ನಮ್ಮೂರಿಂದ ಒಬ್ಬನೂ ಹೊರಡೋ ಹಾಗಿಲ್ಲ ಬಿಡು" ಅಂದರು ಮೇಷ್ಟ್ರು. ಮಗಳು ಅದನ್ನು ಅನುವಾದ ಮಾಡಿದಾಗ ಆ ತರುಣ ಬಿದ್ದು ಬಿದ್ದು ನಕ್ಕ. ಗಂಟು ಬಿಚ್ಚಿ ಪುಸ್ತಕ ತೋರಿಸಿದ. ಹೋದ ಊರುಗಳ ಮೊಹರುಗಳು ಒಂದರ ಪಕ್ಕ ಒಂದು. ಓದಿನಲ್ಲಿ ಹಿಂದುಳಿದದ್ದರಿಂದ ಈ ಕೆಲಸಕ್ಕೆ ಬಂದೆಯಾ ಎಂದು ಮೇಷ್ಟ್ರು ತಮ್ಮ ರೂಢಿಯಂತೆ ಕೇಳಿಬಿಟ್ಟರು. ಮಗಳು ಅದನ್ನು ಮೃದು ಮಾಡಿ ದಾಟಿಸಿದಳು. ಆತ ಅಬಿಟೂರ್ ಮುಗಿಸಿದ್ದವನು. ಒಂದು ವರ್ಷ ವಿಶ್ವವಿದ್ಯಾಲಯಕ್ಕೂ ಹೋಗಿ ನೋಡಿ, ಬಿಟ್ಟು, ಮರ ಹಿಡಿದಿದ್ದ. ಮೇಷ್ಟ್ರು ಅವನ ಅಂಗೈ ನೋಡಿದರು. ದಡ್ಡುಗಟ್ಟಿದ ಕೈ, ಹೆಬ್ಬೆರಳ ಉಗುರು ಒಂದಿಷ್ಟು ಕಪ್ಪಗಾಗಿತ್ತು.

ಇಂಥವನನ್ನು ತಯಾರು ಮಾಡುವ ಏರ್ಪಾಡಿಗೆ ಮ್ಯೂನಿಕ್ ಒಂದು ತೌರುಮನೆ. 1895ರಿಂದ 1919ರವರೆಗೆ ಆ ನಗರದ ಶಾಲೆಗಳ ಮುಖ್ಯಸ್ಥನಾಗಿದ್ದ ಗೆಯೋರ್ಗ್ ಕೆರ್ಶೆನ್‌ಸ್ಟೈನರ್, ಕೆಲಸಕ್ಕೆ ಸೇರಿದ ಹುಡುಗರಿಗೆ ಅವರವರ ಕಸುಬಿಗೆ ತಕ್ಕ ಶಾಲೆಗಳನ್ನು ತೆರೆದ. ಈಗ ಅದು ದೇಶದ ಪದ್ಧತಿ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಾರ್ಖಾನೆ ಅಥವಾ ಅಂಗಡಿಯಲ್ಲಿ ಕೆಲಸ, ಮೊದಲ ತಿಂಗಳಿಂದಲೇ ಸಂಬಳ. ಹೀಗೆ ಕಲಿಯಬಹುದಾದ ಮಾನ್ಯ ಕಸುಬುಗಳು 300ಕ್ಕೂ ಹೆಚ್ಚು. ಮುಂದೆ ಓದಿ ಮಾಸ್ಟರ್ ಪರೀಕ್ಷೆ ಪಾಸಾದ ಕುಶಲಕರ್ಮಿಯ ಪ್ರಮಾಣಪತ್ರ, ಅರ್ಹತೆಯ ಸರ್ಕಾರಿ ಶ್ರೇಣಿಯಲ್ಲಿ ಪದವಿಗೆ ಸಮ; ಆತ ವಿಶ್ವವಿದ್ಯಾಲಯಕ್ಕೂ ಹೋಗಬಹುದು. ಭಾರತದಲ್ಲೂ ಅಪ್ರೆಂಟಿಸ್ ಕಾಯ್ದೆ 1961ರಲ್ಲೇ ಬಂದಿತ್ತು. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದ ಮೇಷ್ಟ್ರ ಸಹಪಾಠಿಯೊಬ್ಬ, ಇವರು ಬಿ.ಎಡ್. ಮುಗಿಸುವ ಹೊತ್ತಿಗೆ ತಂಗಿಯ ಮದುವೆ ಮಾಡಿ ಮುಗಿಸಿದ್ದ. ಆದರೂ ಊರಲ್ಲಿ ಹುಡುಗರಿಗೆ ಮಾದರಿ ತೋರಿಸುವಾಗ ಜನ ಬೆರಳು ತೋರಿಸುತ್ತಿದ್ದದ್ದು ಮೇಷ್ಟ್ರ ಕಡೆಗೆ.

ರೈಲಿನಲ್ಲಿ ಮರಳುವಾಗ ಮೇಷ್ಟ್ರ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಹತ್ತು ವರ್ಷದ ಮಗುವನ್ನು ಏಳು-ಎಂಟರ ಗೆರೆ ಎಳೆದು ಬೇರ್ಪಡಿಸುವುದು ಕ್ರೂರ ಎಂದು ಅವರಿಗೆ ಈಗಲೂ ಅನ್ನಿಸುತ್ತದೆ. ಹಾಗಂತ ಊರಿನಲ್ಲಿ ಬೇರ್ಪಡಿಸುವುದು ಹದಿನಾರಕ್ಕೆ, ಎಸ್ಸೆಸ್ಸೆಲ್ಸಿಯಲ್ಲಿ ಎಂದುಕೊಂಡಿದ್ದದ್ದೂ ಈಗ ಗಟ್ಟಿಯಾಗಿ ನಿಲ್ಲುತ್ತಿಲ್ಲ. ನಾಲ್ಕು ವರ್ಷಕ್ಕೆ ಎಲ್‌ಕೆಜಿ ಬಾಗಿಲಲ್ಲಿ ಅಪ್ಪನ ಜೇಬು ನೋಡಿ ಆಗಲೇ ಆಗಿರುತ್ತದೆ. ಹದಿನಾರಕ್ಕೆ ಬರುವುದು ಅದರ ರಸೀದಿ. ಅಲ್ಲಿ ಎಂಟು ಬಂದವನಿಗೆ, ಒಂಬತ್ತು ಬಂದವನಿಗೆ ಎಂದು ಒಂದು ಶಾಲೆ, ಒಂದು ಕಸುಬು, ಕಂಬದ ಮೇಲೊಂದು ಫಲಕ ಕಾದಿರುತ್ತದೆ. ಇಲ್ಲಿ ಗಣಿತದಲ್ಲಿ ನೂರಕ್ಕೆ 28 ತೆಗೆದ ಹುಡುಗನಿಗೆ ಕಾದಿರುವುದು ಏನೆಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತು: ಬೆಂಗಳೂರಿನ ಡೆಲಿವರಿ ಬೈಕು, ಇಲ್ಲವೇ ಗಾರೆ ಕೆಲಸ. ಅದನ್ನೂ ಅವನಿಗೆ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ.

ಮೂರು ದಿನದ ಪರೀಕ್ಷೆಗೆ ಹುಡುಗನನ್ನು ಕಳಿಸಲಿಲ್ಲ. ನಿರ್ಧಾರ ಮಾಡಿದ್ದು ಅವನೇ. ಜೊತೆಯ ಇಬ್ಬರು ಗೆಳೆಯರು ರಿಯಾಲ್‌ಶೂಲೆಗೆ ಹೋಗುತ್ತಿದ್ದರು, ಅಲ್ಲಿ ಕಾರ್ಯಾಗಾರವೂ ಇತ್ತು. ಅಲ್ಲಿ ಹತ್ತನೇ ತರಗತಿ ಮುಗಿಸಿದವರು ಫಾಖ್‌ಒಬರ್‌ಶೂಲೆ ಎಂಬ ಇನ್ನೊಂದು ಬಗೆಯ ಶಾಲೆಗೆ ಸೇರಿ, ಹದಿಮೂರನೇ ತರಗತಿಯವರೆಗೆ ಓದಿ ವಿಶ್ವವಿದ್ಯಾಲಯ ಮುಟ್ಟಬಹುದು ಎಂಬುದನ್ನು ಅಳಿಯ ಸರ್ಕಾರದ ಜಾಲತಾಣದಲ್ಲಿ ಎರಡೆರಡು ಸಲ ಓದಿ ಖಾತ್ರಿ ಮಾಡಿಕೊಂಡ. ಮಗಳು ಒಪ್ಪಿದಳು, ಆದರೆ ಮೈಸೂರಿನ ನೆಂಟರಿಗೆ ಮಾತ್ರ "ಹೈಸ್ಕೂಲಿಗೆ ಸೇರಿಸಿದ್ದೀವಿ" ಎಂದಷ್ಟೇ ಹೇಳಬೇಕೆಂದು ಅಪ್ಪನಿಂದ ಮಾತು ತೆಗೆದುಕೊಂಡಳು.

ಮೇಷ್ಟ್ರು ಊರಿಗೆ ಮರಳಿದಾಗ ಪಕ್ಕದ ಮನೆಯ ಹುಡುಗ ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆಯಲ್ಲಿ ಗಣಿತ ಬಿಟ್ಟು, ಎರಡನೆಯದರಲ್ಲಿ ಹೇಗೋ ದಾಟಿಕೊಂಡಿದ್ದ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ತಂದದ್ದರ ಉಪಕಾರ. ಅಮ್ಮನಿಗೆ ಅವನನ್ನು ಪಿಯುಸಿಗೆ ಹಾಕಬೇಕೆಂದು. ಹುಡುಗನಿಗೆ ಮೋಟಾರು ಬಿಚ್ಚುವುದರಲ್ಲಿ ಜೀವ. ಮೇಷ್ಟ್ರು ಜಗಲಿಯ ಮೇಲೆ ಕೂರಿಸಿಕೊಂಡು ಕಾರಂಜಿ ಕಟ್ಟೆಯ ಬಡಗಿಯ ಕಥೆ ಹೇಳಿದರು. ಕೋಟು, ಹ್ಯಾಟು, ಮೊಹರಿನ ಪುಸ್ತಕ ಎಲ್ಲ ಕೇಳಿಸಿಕೊಂಡ ಮೇಲೆ ಹುಡುಗ ಕೇಳಿದ್ದು, "ಕೆಲಸ ಕಲಿಯುವಾಗ ಸಂಬಳ ಎಷ್ಟು ಕೊಡ್ತಾರೆ ಸಾರ್?"

2025ರಲ್ಲಿ ಸೇರಿದವರಿಗೆ ಮೊದಲ ವರ್ಷ ತಿಂಗಳಿಗೆ 682 ಯೂರೋ, ಕಾನೂನು ಹೇಳುವ ಕನಿಷ್ಠ. ಹುಡುಗ ರೂಪಾಯಿಗೆ ಗುಣಿಸಿ ಬಾಯಿ ಬಿಟ್ಟ. ಅಷ್ಟರಲ್ಲಿ ಮ್ಯೂನಿಕ್‌ನಲ್ಲಿ ಒಂದು ಕೋಣೆ ಬಾಡಿಗೆಗೆ ಸಿಗುವುದೂ ಕಷ್ಟ ಎಂದು ಮೇಷ್ಟ್ರು ಇಳಿಸಿದರು. ಇಲ್ಲಿಯ ಲೆಕ್ಕ ಕೇಳಿದಾಗ, 2019ರ ನಿಯಮದಂತೆ ಅಪ್ರೆಂಟಿಸ್‌ಗೆ 5,000ದಿಂದ 9,000 ರೂಪಾಯಿ ಎಂದರು. ಅಮ್ಮನ ಚಿಂತೆ ಬೇರೆಯದು. "ಐಟಿಐಗೆ ಹಾಕಿದ್ರೆ ಜನ ಏನಂತಾರೆ ಮೇಷ್ಟ್ರೇ? ಓದು ಹತ್ತಲಿಲ್ಲ ಅಂತಾರೆ."

ಮುಂದಿನ ಸೋಮವಾರ ಮೇಷ್ಟ್ರು ಇಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಸರ್ಕಾರಿ ಐಟಿಐಗೆ ಹೋದರು. ಹುಡುಗ ಸೀದಾ ವರ್ಕ್‌ಶಾಪಿನ ಕಡೆ ನಡೆದ. ಅಮ್ಮ ಸೆರಗು ಸರಿಮಾಡಿಕೊಂಡು ಇನ್‌ಸ್ಟ್ರಕ್ಟರನ್ನು ನಿಲ್ಲಿಸಿ, "ಇದು ಮುಗಿದ ಮೇಲೆ ಇವನು ಮುಂದಕ್ಕೆ ಓದಬೋದಾ ಸಾರ್, ಇಲ್ಲಾ ಇಲ್ಲಿಗೇ ಮುಗೀತಾ?" ಎಂದು ಕೇಳಿದಳು. ಎರಡು ವರ್ಷದ ಟ್ರೇಡ್ ಮುಗಿಸಿದರೆ ಡಿಪ್ಲೊಮಾದ ಎರಡನೇ ವರ್ಷಕ್ಕೇ ನೇರ ಪ್ರವೇಶವಿದೆ, ಅಲ್ಲಿಂದ ಎಂಜಿನಿಯರಿಂಗಿಗೂ ಹೋಗಬಹುದು ಎಂದು ಅವರು ವಿವರಿಸಿದರು. ಅಮ್ಮ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಅರ್ಜಿ ಫಾರಂ ಎಲ್ಲಿ ಸಿಗುತ್ತದೆ ಎಂದಳು. ಈಗೆಲ್ಲ ಆನ್‌ಲೈನ್ ಎಂದಾಗ, ಲೇತ್ ಮುಂದೆ ನಿಂತಿದ್ದ ಮಗನನ್ನು ಕೂಗಿ ಕರೆದು, ಮೊಬೈಲ್ ತೆಗೆ ಅಂದಳು.